ಸುಣ್ಣ ಮತ್ತು ಕೆಮ್ಮಣ್ಣು

ಒಂದು ಕೋಣೆಯ ಗೋಡೆಗೆ ಯಾವ ಬಣ್ಣ ಬಳಿಯಬೇಕು ಎಂಬುದು ಆಕಾಶವಾಣಿಯ ಶ್ರೋತೃಗಳ ಮುಂದೆ ಇಡಬೇಕಾದಷ್ಟು ದೊಡ್ಡ ಪ್ರಶ್ನೆಯೇ ಎಂದು ತಾವು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ಅಂಗಡಿಯವರು ಕೊಡುವ ಬಣ್ಣದ ಪುಸ್ತಕವನ್ನು ಎರಡು ನಿಮಿಷ ತಿರುವಿಹಾಕಿ, ಒಂದು ಚೌಕದ ಮೇಲೆ ಬೆರಳಿಟ್ಟು, ಮುಂಗಡ ಕೊಟ್ಟು ಬಂದರೆ ಆ ಕೆಲಸ ಮುಗಿಯಿತು ಎಂಬುದು ನನ್ನ ತಿಳುವಳಿಕೆಯಾಗಿತ್ತು. ಅರಸೀಕೆರೆಯಲ್ಲಿರುವ ನಮ್ಮ ಹಳೆಯ ಮನೆಯ ಒಂದು ಕೋಣೆ ಆ ತಿಳುವಳಿಕೆಯನ್ನು ತಿದ್ದಿತು. ಪಾಠ ಕಲಿತವನು ನಾನು. ಅದರ ಶುಲ್ಕವನ್ನು ಮಾತ್ರ ನನ್ನ ತಾಯಿ ತೆರಬೇಕಾಯಿತು. ಆ ಸಂಕೋಚವೇ ಇಂದಿನ ಈ ಮಾತುಗಳಿಗೆ ಕಾರಣ.

ತೆಂಗಿನ ಸೀಮೆಯ ಮನೆಗಳನ್ನು ಕಂಡವರಿಗೆ ಅಟ್ಟದ ವಿಚಾರ ಹೊಸದಲ್ಲ. ಅರಸೀಕೆರೆ, ತಿಪಟೂರುಗಳ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಗೊಬ್ಬರಿಯಾಗುತ್ತದೆ. ಕಾಯನ್ನು ಕುಲುಕಿದರೆ ಒಳಗೆ ಲೊಟಲೊಟ ಎನ್ನುತ್ತದೆ. ಅಂಥ ಅಟ್ಟದ ಕೆಳಗಿನ ಕೋಣೆಯೇ ಅವ್ವನ ಕೋಣೆ. ಮಣ್ಣಿನ ದಪ್ಪ ಗೋಡೆ, ಪೂರ್ವಕ್ಕೆ ಒಂದೇ ಕಿಟಕಿ, ನಡುಮನೆಯಿಂದ ಒಳಗೆ ಹೋಗಲು ಎತ್ತರದ ಹೊಸಲು, ಹೊಸಲು ದಾಟಿದ ಕೂಡಲೆ ಒಂದು ಮೆಟ್ಟಿಲಿನಷ್ಟು ತಗ್ಗು. ಮೇಲೆ ಅಟ್ಟವಿರುವುದರಿಂದ ಗಾಜಿನ ಹೆಂಚಿನ ಬೆಳಕು ಅಲ್ಲಿಗೆ ಇಳಿಯುವಂತಿಲ್ಲ. ಬೆಳಿಗ್ಗೆ ಎರಡು ಗಂಟೆ ಹೊತ್ತು ಬಿಸಿಲು ಬಂದು ಹೋದರೆ, ಆಮೇಲೆ ದಿನವೆಲ್ಲ ಒಂದು ಬಗೆಯ ಮಬ್ಬು.

ನಾನು ಹುಡುಗನಾಗಿದ್ದಾಗ ಆ ಕೋಣೆಗೆ ಎರಡು ಬಣ್ಣಗಳಿದ್ದುವು. ಮೇಲೆಲ್ಲ ಸುಣ್ಣ; ನೆಲದಿಂದ ಒಂದೂವರೆ ಮೊಳದಷ್ಟು ಎತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ. ಕೆಮ್ಮಣ್ಣಿಗೆ ನಮ್ಮ ಕಡೆ ಜಾಜು ಎಂದೂ ಹೇಳುವುದುಂಟು. ಯುಗಾದಿ ಹತ್ತಿರವಾಯಿತೆಂದರೆ ಸಾರಣೆ ಕಾರಣೆಯ ಗಡಿಬಿಡಿ. ಸುಟ್ಟ ಸುಣ್ಣದ ಹರಳನ್ನು ತೊಟ್ಟಿಯಲ್ಲಿ ಹಾಕಿ ನೀರು ಸುರಿದರೆ, ಒಲೆಯಿಲ್ಲದೆಯೇ ಅದು ಕುದಿಯತೊಡಗುವುದು. ಮಕ್ಕಳು ಹತ್ತಿರ ಸುಳಿಯದಂತೆ ಗದರಿಸುತ್ತಿದ್ದರು. ಅದು ತಣಿದು, ನಾಲ್ಕಾರು ದಿನ ನೆನೆದು, ಬಟ್ಟೆಯಲ್ಲಿ ಸೋಸಿದ ಮೇಲೆ ಸ್ವಲ್ಪ ಗೋಂದು, ಚಿಟಿಕೆ ನೀಲಿ. ಕತ್ತಾಳೆ ನಾರಿನ ಕುಂಚದಿಂದ ಬಳಿದಾಗ ಗೋಡೆ ಒದ್ದೆಯಾದ ಬೂದಿಯಂತೆ ಮಂಕಾಗಿ ಕಾಣುವುದು. ಕೂಲಿಯವನು ಮೋಸ ಮಾಡಿದನೇನೋ ಎಂದು ನನಗೆ ಪ್ರತಿವರ್ಷವೂ ಅನುಮಾನ. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಕೋಣೆಯ ತುಂಬ ಬೆಳ್ಳನೆಯ ಬೆಳಗು.

ಇದರ ಗುಟ್ಟನ್ನು ಶಾಲೆಯಲ್ಲಿ ಮುಂದೆ ಓದಿದೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯ ಕಾವಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗುತ್ತದೆ. ನೀರು ಕುಡಿದು ಗೋಡೆಯ ಮೇಲೆ ಹರಡಿಕೊಂಡ ಸುಣ್ಣ, ಅದೇ ಅನಿಲವನ್ನು ಗಾಳಿಯಿಂದ ಮತ್ತೆ ಹೀರಿಕೊಂಡು ಪುನಃ ಕಲ್ಲಾಗುತ್ತದೆ. ಎಂದರೆ, ನಾವು ಸುಣ್ಣ ಬಳಿದೆವೆಂದು ಹೇಳುವುದು ಗೋಡೆಯ ಮೇಲೆ ಅತ್ಯಂತ ತೆಳುವಾದ ಒಂದು ಕಲ್ಲಿನ ಹೊದಿಕೆಯನ್ನು ಹಾಸಿದೆವೆಂದು ಹೇಳಿದಂತೆಯೇ. ಕೆಮ್ಮಣ್ಣಿನ ಕೆಂಪಾದರೋ ಕಬ್ಬಿಣದ ಆಕ್ಸೈಡಿನದು. ಆದಿಮಾನವನು ಗುಹೆಗಳಲ್ಲಿ ಬರೆದ ಚಿತ್ರಗಳ ಕೆಂಪೂ ಇದೇ. ಬಿಸಿಲು ಇದನ್ನು ಸುಲಭವಾಗಿ ಮಾಸಿಸಲಾರದು. ಒಂದು ಕಲ್ಲು, ಒಂದು ಮಣ್ಣು. ಎರಡೂ ನೆಲದಿಂದ ಬಂದವು, ಎರಡೂ ಅಗ್ಗದವು. ಪದಗಳನ್ನು ಪ್ರೀತಿಸುವ ಶ್ರೋತೃಗಳಿಗೆ ಇನ್ನೊಂದು ಮಾತು: ಸುಣ್ಣವೆಂಬುದು ಸಂಸ್ಕೃತದ ಚೂರ್ಣದಿಂದಲೂ ಬಣ್ಣವೆಂಬುದು ವರ್ಣದಿಂದಲೂ ಬಂದ ತದ್ಭವಗಳು. ನಮ್ಮ ಜನ ಅವೆರಡನ್ನೂ ಜೋಡಿಸಿ ‘ಸುಣ್ಣಬಣ್ಣ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಜೋಡಿಸಿ ಹೇಳುವುದರಲ್ಲಿ ವಿವೇಕವಿತ್ತೆಂದು ನನಗೆ ಹೊಳೆಯಲು ತಡವಾಯಿತು.

ಕೆಲಸದಿಂದ ನಿವೃತ್ತನಾಗಿ ಊರಿಗೆ ಮರಳಿದಾಗ ಅವ್ವನಿಗೆ ಎಂಬತ್ತು ದಾಟಿತ್ತು. ಒಂದು ಕಣ್ಣಿನ ಪೊರೆ ತೆಗೆಸಿತ್ತು. ಇನ್ನೊಂದು ಕಣ್ಣು ಹೆಸರಿಗೆ ಮಾತ್ರ. ಹಿರಿಯ ಮಗನಾದ ನಾನು ಅವಳ ಕೋಣೆಯನ್ನು ಬೆಳಕು ಮಾಡಿಕೊಡಬೇಕೆಂದು ಸಂಕಲ್ಪ ಮಾಡಿದೆ. ನನ್ನ ಲೆಕ್ಕ ಸರಳವಾಗಿತ್ತು. ಹೊಸ ಬಿಳಿಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹಿಂದಕ್ಕೆ ಕೊಡುತ್ತದೆ. ಗಾಢವಾದ ಕೆಂಪು ಗೋಡೆ 20 ಪಾಲನ್ನೂ ಕೊಡುವುದಿಲ್ಲ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಎಂದು ಬಲ್ಲವರು ಹೇಳುತ್ತಾರೆ. ಎಂಬತ್ತರ ಕಣ್ಣಿನ ಪಾಡನ್ನು ಹೇಳಬೇಕಾಗಿಲ್ಲ. ಆದ್ದರಿಂದ ಕೆಮ್ಮಣ್ಣಿನ ಪಟ್ಟಿಯನ್ನು ಕೆರೆಸಿ ಹಾಕಿದೆ. ನೆಲದಿಂದ ಅಟ್ಟದವರೆಗೆ ಹೊಳೆಯುವ ಬಿಳಿ ಬಣ್ಣ, ನೆಲಕ್ಕೂ ಹೊಳೆಯುವ ಬಿಳಿ ಟೈಲ್ಸು. ಹೊಸಲಿಗೂ ಬಿಳಿಯ ಬಣ್ಣವನ್ನೇ ಹೊಡೆಸಿದೆ. ಬಂದವರೆಲ್ಲ ಆಸ್ಪತ್ರೆಯ ಹಾಗೆ ಚೊಕ್ಕಟವಾಗಿದೆ ಎಂದು ಹೊಗಳಿದರು. ಅವ್ವ ಮಾತ್ರ ಏನೂ ಹೇಳಲಿಲ್ಲ. ಮಗ ಹಣ ಸುರಿದು ಮಾಡಿಸಿದ್ದನ್ನು ಹಳಿಯುವ ಪೈಕಿ ಅವಳಲ್ಲ.

ಕೆಲವು ದಿನಗಳಲ್ಲಿ ಅವಳ ನಡಿಗೆ ಬದಲಾಯಿತು. ಕತ್ತಲಲ್ಲಿಯೂ ಸರಸರನೆ ಓಡಾಡುತ್ತಿದ್ದವಳು ಈಗ ಹಾಡಹಗಲಲ್ಲಿ ಪಾದವನ್ನು ನೆಲಕ್ಕೆ ಸವರಿಕೊಂಡು, ಹೊಳೆ ದಾಟುವವರಂತೆ ಹೆಜ್ಜೆಯಿಡುತ್ತಿದ್ದಳು. ವಯಸ್ಸಾಯಿತು ಎಂದುಕೊಂಡೆವು. ಮಕ್ಕಳು ತಮ್ಮ ತಪ್ಪನ್ನು ಹೊರಿಸುವುದಕ್ಕೆ ತಂದೆತಾಯಿಯರ ವಯಸ್ಸಿನಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಒಂದು ಸಂಜೆ, ದೀಪ ಹಾಕುವುದಕ್ಕೆ ಮುಂಚೆ, ಅವ್ವ ಗೋಡೆಗೆ ಕೈ ಊರಲು ಹೋದಳು. ಗೋಡೆ ಅವಳು ಎಣಿಸಿದ ಜಾಗದಲ್ಲಿರಲಿಲ್ಲ. ಇನ್ನೂ ಒಂದು ಗೇಣು ಆಚೆಗಿತ್ತು. ಬಿದ್ದ ಸದ್ದಿಗೆ ನಾನು ಓಡಿಬಂದೆ. ಸೊಂಟದ ಮೂಳೆ ಉಳಿದದ್ದು ಪುಣ್ಯ. ಮುಂಗೈ ಮಾತ್ರ ಊದಿಕೊಂಡು ಮೂರು ವಾರ ಕಟ್ಟಿನಲ್ಲಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಅಂದು ನನ್ನ ಪಾಲಿಗೆ ಗಾದೆಯಾಗಿ ಉಳಿಯಲಿಲ್ಲ.

ಮೈಸೂರಿನಿಂದ ತಮ್ಮ ಬಂದ. ಅವನಿಗೆ ಬಿಳಿಯ ಮೇಲೆ ಎಲ್ಲಿಲ್ಲದ ಸಿಟ್ಟು. “ಅವ್ವನಿಗೆ ಬೇಕಾದದ್ದು ಬೆಳಕಲ್ಲಣ್ಣ, ಗೋಡೆ. ಇಡೀ ಕೋಣೆಗೆ ಜಾಜಿನ ಬಣ್ಣವನ್ನೇ ಹೊಡೆಸು. ಗೋಡೆ ಎಲ್ಲಿದೆ ಅಂತ ಕಣ್ಣಿಗೆ ಹೊಡೆಯುವ ಹಾಗೆ ಕಾಣಬೇಕು. ಕೈಯೂರಿದ ಕಲೆಯೂ ಅದರಲ್ಲಿ ಅಡಗುತ್ತದೆ” ಎಂದು ವಾದಿಸಿದ. ನಾನು ಒಪ್ಪಲಿಲ್ಲ, ಮೊದಲೇ ಮಬ್ಬಾದ ಕೋಣೆ ಗವಿಯಾಗುತ್ತದೆ ಎಂದೆ. ಅಣ್ಣತಮ್ಮಂದಿರ ವಾದ ಆಸ್ತಿಯ ಭಾಗವಾದರೆ ನ್ಯಾಯಾಲಯಕ್ಕೆ ಹೋಗುತ್ತದೆ. ಬಣ್ಣದ್ದಾದ್ದರಿಂದ ಗೋಡೆಗೇ ಹೋಯಿತು. ಎದುರುಬದುರಾದ ಎರಡು ಗೋಡೆಗಳಲ್ಲಿ ಒಂದನ್ನು ಬಿಳಿಯಾಗಿಯೇ ಬಿಟ್ಟು, ಇನ್ನೊಂದಕ್ಕೆ ನೆಲದಿಂದ ಅಟ್ಟದವರೆಗೂ ಕೆಂಪು ಬಳಿಸಿ, ಎಂಟು ದಿನ ನೋಡುವುದೆಂದು ತೀರ್ಮಾನವಾಯಿತು.

ಆ ಎಂಟು ದಿನಗಳಲ್ಲಿ ನಾನು ಕಂಡದ್ದು ಇಷ್ಟು. ಬೆಳಗಿನ ಬಿಸಿಲು ನೇರವಾಗಿ ಬಿದ್ದಾಗ ಬಿಳಿಗೋಡೆಯನ್ನು ನೋಡಲಾಗುತ್ತಿರಲಿಲ್ಲ. ನನ್ನ ಕಣ್ಣೇ ಕೋರೈಸುತ್ತಿತ್ತು. ವಯಸ್ಸಾದ ಕಣ್ಣಿನೊಳಗೆ ಬೆಳಕು ಚೆದರುವುದು ಹೆಚ್ಚು. ಆದ್ದರಿಂದ ಹೊಳೆಯುವ ಬಿಳುಪು ಅಲ್ಲಿ ಮಂಜಿನಂತೆ ಹರಡಿಬಿಡುತ್ತದೆ. ಅದೇ ಹೊತ್ತಿನಲ್ಲಿ ಕೆಂಪು ಗೋಡೆ ಹಿತವಾಗಿ, ಗಟ್ಟಿಯಾಗಿ, ಹತ್ತಿರ ಬಂದು ನಿಂತಂತೆ ತೋರುತ್ತಿತ್ತು. ಮಧ್ಯಾಹ್ನ ಎರಡೂ ಸಮಸಮ. ಸಂಜೆಯಾಗುತ್ತಲೆ ಆಟ ತಿರುಗುತ್ತಿತ್ತು. ಬಿಳಿ ತನ್ನಲ್ಲಿದ್ದ ಬೆಳಕನ್ನು ಜಿಪುಣನಂತೆ ಕೊನೆಯ ಗಳಿಗೆಯವರೆಗೂ ಹಿಡಿದುಕೊಂಡಿರುತ್ತಿತ್ತು. ಕೆಂಪು ಎಲ್ಲಕ್ಕಿಂತ ಮೊದಲೇ ಕಪ್ಪಾಗಿ, ಗೋಡೆಯಿದ್ದಲ್ಲಿ ಒಂದು ದೊಡ್ಡ ಬಾಗಿಲು ತೆರೆದಂತೆ ಕಾಣುತ್ತಿತ್ತು. ಬೊಹೀಮಿಯದ ವಿಜ್ಞಾನಿ ಪುರ್ಕಿನ್ಯೆ 1825ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದಾನೆ: ಬೆಳಕು ಕುಗ್ಗಿದಂತೆ ಕಣ್ಣು ಮೊದಲು ಕಳೆದುಕೊಳ್ಳುವುದು ಕೆಂಪನ್ನು, ನೀಲಿ ಇನ್ನಷ್ಟು ಹೊತ್ತು ಉಳಿದಿರುತ್ತದೆ. ಹಗಲಿಗೆ ಒಂದು ಕಣ್ಣು, ಮಬ್ಬಿಗೆ ಇನ್ನೊಂದು ಕಣ್ಣು ನಮ್ಮ ಕಣ್ಣಿನೊಳಗೇ ಇದ್ದಂತೆ.

ಇಷ್ಟು ಸಣ್ಣ ಸಂಗತಿಯನ್ನು ಕುರಿತು ಇಷ್ಟೊಂದು ಯೋಚನೆಯೇ ಎಂದು ನಾಚಿಕೊಳ್ಳಬೇಕಾಗಿಲ್ಲ. ನೊಬೆಲ್ ಪುರಸ್ಕೃತರಾದ ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಬಾಳಿನ ಕೊನೆಯ ವರ್ಷಗಳನ್ನು ಹೂಗಳ ಬಣ್ಣವನ್ನೂ ಮನುಷ್ಯನ ದೃಷ್ಟಿಯನ್ನೂ ಅರಿಯುವುದರಲ್ಲಿ ಕಳೆದರು. ದೃಷ್ಟಿಯನ್ನು ಕುರಿತ ಅವರ ಗ್ರಂಥ 1968ರಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ ಫ್ರಾನ್ಸಿನಲ್ಲಿ ನಡೆದ ಸಂಗತಿಯೊಂದು ನಮ್ಮ ಕೋಣೆಗೆ ಇನ್ನೂ ಹತ್ತಿರದ್ದು. ಪ್ಯಾರಿಸಿನ ಗೋಬ್ಲಾಂ ಕಾರ್ಖಾನೆಯ ಚಿತ್ರಗಂಬಳಿಗಳಲ್ಲಿ ಕಪ್ಪು ನೂಲು ಕಳೆಗುಂದಿ ಕಾಣುತ್ತದೆ ಎಂದು ದೂರು ಬಂದಿತು. ಅಲ್ಲಿಯ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ಶೆವ್ರಲ್ ನೂಲನ್ನು ಪರೀಕ್ಷಿಸಿದ, ಬಣ್ಣದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ನೆರೆಯಲ್ಲಿ. ಪಕ್ಕದಲ್ಲಿದ್ದ ನೀಲಿ, ನೇರಿಳೆಗಳು ಕಪ್ಪನ್ನು ಬಡವಾಗಿ ತೋರಿಸುತ್ತಿದ್ದುವು. ಬಣ್ಣವು ತನ್ನಷ್ಟಕ್ಕೆ ತಾನು ಇರುವುದಿಲ್ಲ, ನೆರೆಯ ಬಣ್ಣದೊಡನೆ ಕೂಡಿಯೇ ಕಣ್ಣಿಗೆ ಬೀಳುತ್ತದೆ ಎಂಬ ಈ ತತ್ತ್ವವನ್ನು ಅವನು 1839ರಲ್ಲಿ ದೊಡ್ಡ ಗ್ರಂಥವನ್ನಾಗಿ ಬರೆದ. ನಾನು ಮಾಡಿದ ತಪ್ಪು ನನಗೆ ಆಗ ಸ್ಪಷ್ಟವಾಯಿತು. ನಾನು ಆರಿಸಿದ ಬಿಳಿಯಲ್ಲಿ ಕೊರತೆಯಿರಲಿಲ್ಲ. ಅದಕ್ಕೆ ಒಂದು ನೆರೆಯನ್ನು ಉಳಿಸದೆ ಹೋದದ್ದೇ ಕೊರತೆ.

ಎಂಟನೆಯ ದಿನ ಅವ್ವನನ್ನು ಕೂರಿಸಿಕೊಂಡು ತೀರ್ಪು ಕೇಳಿದೆವು. ಅವಳು ಎಲೆಗೆ ಸುಣ್ಣ ಸವರುತ್ತ ಹೇಳಿದಳು: “ಬಿಳೀದು ಇದ್ರೆ ನಿಮ್ಮ ಮುಖ ಕಾಣ್ತದೆ ಕಣಪ್ಪ, ಗೋಡೆ ಕಾಣಲ್ಲ. ಕೆಂಪು ಇದ್ರೆ ಗೋಡೆ ಕಾಣ್ತದೆ, ನಿಮ್ಮ ಮುಖ ಕಾಣಲ್ಲ. ನನಗೆ ಎರಡೂ ಬೇಕು.” ಸ್ವಲ್ಪ ಹೊತ್ತು ಬಿಟ್ಟು ಅವಳೇ ಮುಂದುವರಿಸಿದಳು: “ಮುಂಚೆ ಕಾಲ ಹತ್ರ ಕೆಂಪಿತ್ತು. ಅದನ್ನ ನೋಡ್ಕಂಡೇ ನಡೀತಿದ್ದೆ.” ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಂದಚೆಂದಕ್ಕೆ ಎಳೆದದ್ದು ಎಂದು ನಾನು ಕೆರೆಸಿ ಹಾಕಿದ ಪಟ್ಟಿ, ಅವಳ ಪಾಲಿಗೆ ದಾರಿಯ ಅಂಚಾಗಿತ್ತು. ನೆಲ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಮೊದಲಾಯಿತು ಎಂಬುದನ್ನು ಅವಳಿಗೆ ಹೇಳುತ್ತಿದ್ದುದು ಆ ಗೆರೆ. ಸಂಜೆಯಲ್ಲಿ ಅದರ ಕೆಂಪು ಕಪ್ಪಾದರೇನಂತೆ? ಮೇಲಿನ ಬಿಳುಪು ಉಳಿದಿರುವವರೆಗೆ ಗೆರೆ ಉಳಿದೇ ಇರುತ್ತದೆ.

ಆಮೇಲೆ ಹಲವು ನೆನಪುಗಳು ಒಂದೊಂದಾಗಿ ಅರ್ಥ ಬಿಟ್ಟುಕೊಡತೊಡಗಿದುವು. ಅರಸೀಕೆರೆಯ ಈಶ್ವರ ದೇವಾಲಯವನ್ನು ತಾವು ನೋಡಿರಬಹುದು. 1220ರ ಸುಮಾರಿನ ಹೊಯ್ಸಳ ಗುಡಿ. ಅದರ ಮುಂದಿನ ನಕ್ಷತ್ರಾಕಾರದ ಮಂಟಪ ತೆರೆದದ್ದು, ಬೆಳಕಿನಿಂದ ತುಂಬಿದ್ದು. ಅಲ್ಲಿಂದ ಒಳಗಿನ ಮಂಟಪಕ್ಕೆ ಹೆಜ್ಜೆಯಿಟ್ಟರೆ ಬಳಪದ ಕಲ್ಲಿನ ತಂಪು ಕತ್ತಲು. ಅವ್ವ ಯಾವಾಗಲೂ ಆ ಬಾಗಿಲಲ್ಲಿ ಕೈಮುಗಿದು ಬಹಳ ಹೊತ್ತು ನಿಂತಿರುತ್ತಿದ್ದಳು. ಎಂಥ ಭಕ್ತಿ ಎಂದುಕೊಳ್ಳುತ್ತಿದ್ದೆ. ಈಚೆಗೆ ಕೇಳಿದಾಗ ನಕ್ಕು, “ಒಳಗೆ ಕಣ್ಣು ಕೂರಬೇಕಲ್ಲಪ್ಪ” ಎಂದಳು. ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಮುಪ್ಪಿನ ಕಣ್ಣಿಗೆ ಹೆಚ್ಚು ಸಮಯ ಬೇಕು. ಹೊಯ್ಸಳ ಶಿಲ್ಪಿಗಳಾದರೋ ಒಂದೇ ಬಣ್ಣದ ಕಲ್ಲಿನಲ್ಲಿ ಕೆಲಸ ಮಾಡಿದವರು. ಬೇಲೂರಿನಲ್ಲಾಗಲಿ ಹಳೇಬೀಡಿನಲ್ಲಾಗಲಿ ಒಂದು ಆಭರಣದ ಎಳೆಯನ್ನು ಎತ್ತಿ ತೋರಿಸಬೇಕಾದರೆ, ಅದರ ಹಿಂದಿನ ಕಲ್ಲನ್ನು ಆಳವಾಗಿ ಕೊರೆದು ನೆರಳನ್ನು ತುಂಬಿಸಿದರು. ಎರಡನೆಯ ಬಣ್ಣ ಕೈಯಲ್ಲಿಲ್ಲದಿದ್ದಾಗ ನೆರಳನ್ನೇ ಎರಡನೆಯ ಬಣ್ಣವಾಗಿ ಮಾಡಿಕೊಂಡರು.

ಸುಣ್ಣ ಮತ್ತು ಕೆಮ್ಮಣ್ಣು ನಮ್ಮ ನಾಡಿನಲ್ಲಿ ಎಲ್ಲೆಲ್ಲಿ ಒಟ್ಟಿಗೆ ಬಾಳಿವೆ ಎಂದು ಎಣಿಸಿದರೆ ಆಶ್ಚರ್ಯವಾಗುತ್ತದೆ. ಉತ್ತರ ಕನ್ನಡದ ಕರಾವಳಿಯ ಕೆಲವು ಗುಡಿಗಳಲ್ಲಿ ಕಾವಿಕಲೆ ಎಂಬುದುಂಟು. ಅಲ್ಲಿ ಸುಣ್ಣದ ಗಾರೆಯ ಮೇಲೆ ಕಾವಿಯ ಪದರವನ್ನು ಹಚ್ಚಿ, ಅದು ಒಣಗುವುದಕ್ಕೆ ಮೊದಲೇ ಮೊನಚಾದ ಉಪಕರಣದಿಂದ ಕೆಂಪನ್ನು ಕೆತ್ತಿ ತೆಗೆದು, ಅಡಿಯ ಬಿಳುಪನ್ನು ಹೊರಗೆಡಹುತ್ತಾರೆ. ಘಟ್ಟ ಹತ್ತಿ ಸಾಗರ, ಸೊರಬಗಳ ಕಡೆ ಬಂದರೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಅಲ್ಲಿ ಕೆಂಪನ್ನು ಕಳೆದು ಬಿಳಿ. ಇಲ್ಲಿ ಕೆಂಪಿನ ಮೇಲೆ ಬಿಳಿ. ನಮ್ಮ ಬಯಲುಸೀಮೆಯ ಗುಡಿಗಳ ಪೌಳಿಯ ಮೇಲೆ ಒಂದು ಪಟ್ಟೆ ಬಿಳಿ, ಒಂದು ಪಟ್ಟೆ ಕೆಂಪು. ಮನೆಯೊಳಗೆ ಮೇಲೆ ಬಿಳಿ, ಕೆಳಗೆ ಕೆಂಪು. ಯಾವುದು ಮೇಲು ಎಂದು ಯಾರೂ ಕೇಳಿದಂತಿಲ್ಲ. ಯಾವುದರ ಜಾಗ ಯಾವುದು ಎಂದು ಮಾತ್ರ ಕೇಳಿಕೊಂಡರು. ಕಸಬರಿಕೆಯ ಕೊಳೆ, ಸಾರಣೆಯ ಸಿಡಿತ, ಮಕ್ಕಳ ಕಾಲಿನ ಧೂಳು ಇವೆಲ್ಲ ತಗಲುವ ಕೆಳಭಾಗಕ್ಕೆ ಕೆಂಪು. ಬೆಳಕು ಆಡಬೇಕಾದ ಮೇಲ್ಭಾಗಕ್ಕೆ ಬಿಳುಪು. ಇದನ್ನು ಯಾವ ವಾಸ್ತುಶಿಲ್ಪಿಯೂ ಬಂದು ಹೇಳಿಕೊಡಲಿಲ್ಲ. ಗೋಡೆ ಸವರಿಕೊಂಡು ನಡೆದ ಎಷ್ಟೋ ಅಜ್ಜಿಯರ ಕೈಗಳು ಹೇಳಿಕೊಟ್ಟಿರಬೇಕು.

ಕೊನೆಗೆ ಕೋಣೆಯನ್ನು ಹೀಗೆ ಮಾಡಿದೆವು. ಹೊಳೆಯುವ ಬಣ್ಣವನ್ನು ಉಜ್ಜಿಸಿ ತೆಗೆಸಿದೆವು. ಮಣ್ಣಿನ ಗೋಡೆ ಅದರಡಿಯಲ್ಲಿ ಆಗಲೇ ತೇವ ಕಟ್ಟಿಕೊಂಡು ಹಪ್ಪಳದಂತೆ ಎದ್ದಿತ್ತು. ಮೇಲೆ ಸುಣ್ಣ, ಚಿಟಿಕೆ ನೀಲಿ ಬೆರೆಸಿ. ಕೆಳಗೆ ಮೊದಲಿನಂತೆ ಒಂದೂವರೆ ಮೊಳ ಕೆಮ್ಮಣ್ಣಿನ ಪಟ್ಟಿ. ತಮ್ಮನ ಸಲಹೆಯಂತೆ ಹೊಸಲಿಗೂ, ಅದರಾಚೆಯ ತಗ್ಗಿನ ಅಂಚಿಗೂ, ದೀಪದ ಗುಂಡಿಯ ಸುತ್ತಲಿಗೂ ಅದೇ ಕೆಂಪು. ಬಿಳಿ ಟೈಲ್ಸನ್ನು ಕೀಳಿಸುವಷ್ಟು ಹಣವಿರಲಿಲ್ಲ. ಅದರ ಮೇಲೆ ಹಾಸಿಗೆಯಿಂದ ಬಾಗಿಲವರೆಗೆ ಒಂದು ಒರಟು ಚಾಪೆಯನ್ನು ಜಾರದಂತೆ ಅಂಟಿಸಿದೆವು. ಒಟ್ಟು ಖರ್ಚು, ನಾನು ಮೊದಲು ಬಿಳಿಗಾಗಿ ಸುರಿದದ್ದರ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ.

ಸುಣ್ಣ ಬಳಿದ ಮಾರನೆಯ ಬೆಳಿಗ್ಗೆ ನಾನು ನಡುಮನೆಯಲ್ಲಿ ಕುಳಿತು ಸುಮ್ಮನೆ ನೋಡುತ್ತಿದ್ದೆ. ಅವ್ವ ಹಾಸಿಗೆಯಿಂದ ಎದ್ದಳು. ಒಂದು ಗಳಿಗೆ ನಿಂತಳು. ಆಮೇಲೆ ಪಾದವನ್ನು ಸವರದೆ, ಎತ್ತಿ ಎತ್ತಿ ಇಡುತ್ತ ಬಂದು, ಹೊಸಲಿನ ಹತ್ತಿರ ತಾನಾಗಿಯೇ ತಡೆದು, ದಾಟಿ, ನನ್ನ ಮುಂದೆಯೇ ಹಾದು ಹಿತ್ತಿಲಿಗೆ ಹೋದಳು. ಗೋಡೆಗೆ ಕೈಯೂರಲಿಲ್ಲ. ಹೋಗುತ್ತ ಒಂದು ಮಾತು ಮಾತ್ರ ಆಡಿದಳು: “ಎದ್ದಿದೀಯೇನಪ್ಪ? ಯಾಕೆ ಮುಖ ಹಂಗೆ ಮಾಡ್ಕಂಡಿದೀಯ?” ನನ್ನ ಮುಖ ಅವಳಿಗೆ ಕಂಡಿತ್ತು.

ಶ್ರೋತೃಗಳೆ, ತಮ್ಮ ಮನೆಯಲ್ಲಿಯೂ ಯಾರದೋ ಕೋಣೆಗೆ ಬಣ್ಣ ಬಳಿಯುವ ಸಂದರ್ಭ ಬಂದೀತು. ಬಣ್ಣದ ಪುಸ್ತಕವನ್ನು ಅಂಗಡಿಯ ದೀಪದಲ್ಲಿ ನೋಡಿ ಒಪ್ಪಬೇಡಿ. ಮನಸ್ಸಿಗೆ ಬಂದ ಎರಡು ಬಣ್ಣಗಳನ್ನು ಆ ಕೋಣೆಯ ಗೋಡೆಯ ಮೇಲೆಯೇ ಒಂದೊಂದು ಮೊಳದಗಲ ಬಳಿಸಿ, ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತು, ಹೀಗೆ ಮೂರು ಬೆಳಕಿನಲ್ಲಿ ನೋಡಿ. ಅದಕ್ಕಿಂತ ಮುಖ್ಯವಾಗಿ, ಆ ಕೋಣೆಯಲ್ಲಿ ಮಲಗಿ ಏಳುವವರು ಯಾರೋ ಅವರನ್ನು ಒಮ್ಮೆ ಕೇಳಿ. ಕೇಳುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು.